ಬಸ್ಸು ತಿರುಗುವ ಜಾಗ

ಕಾಮಸಮುದ್ರದ ಕಡೆಯಿಂದ ಬರುವ ಡಾಂಬರು ರಸ್ತೆ ನಮ್ಮೂರಿನಲ್ಲೇ ಮುಗಿಯುತ್ತದೆ. ಅಲ್ಲಿನ ಬಯಲಿನಲ್ಲಿ ಬಸ್ಸು ಒಂದು ಸುತ್ತು ಹಾಕಿ, ಬಂದ ದಾರಿಯಲ್ಲೇ ಕೆಜಿಎಫ್‌ಗೆ ವಾಪಸ್ಸು ಹೋಗುತ್ತಿತ್ತು. ಒಂದು ಸೋಮವಾರ ಬರಲಿಲ್ಲ. ಡೈರಿಯಲ್ಲಿ ‘ಇಲ್ಲ’ ಎಂದು ಬರೆದೆ. ಮೂರನೆಯ ಭಾನುವಾರದ ಹೊತ್ತಿಗೆ ಅದರ ಕೆಳಗೆ ಒಂದೊಂದಾಗಿ ಇಪ್ಪತ್ತು ‘ಇಲ್ಲ’ಗಳು ಸೇರಿದವು.

ಅಕ್ಕ ಕೆಜಿಎಫ್‌ನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕಿದ್ದಳು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಬಸ್ಸು ನಿಂತ ಮೇಲೆ, ಆಟೋ ತುಂಬುವವರೆಗೆ ಕಾದು, ಹನ್ನೊಂದು ದಿನ ತಡವಾಗಿ ತಲುಪಿದ್ದಳು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಖಾಲಿ ಬಿದ್ದ ಬಯಲನ್ನು ಏನು ಮಾಡುವುದೆಂದು ಆ ಭಾನುವಾರ ಊರವರು ಅಲ್ಲೇ ಸೇರಿದರು. ಹಾಲಿನ ಡೈರಿಯವರಿಗೆ ಕಟ್ಟಡ ಬೇಕಿತ್ತು. ಎರಡು ಆಟೋ ಇಟ್ಟಿದ್ದ ಚಿಕ್ಕಪ್ಪನಿಗೆ ಆಟೋ ಸ್ಟ್ಯಾಂಡು, ಅದಕ್ಕೊಂದು ಕಾಂಪೌಂಡು. ಅಪ್ಪ ಡಿಪೋಗೆ ಹೋಗಿಬಂದಿದ್ದ.

“ಬಸ್ ಸಾಲ್ದೆ ನಿಲ್ಸಿದ್ರಂತೆ. ತಿರುಗಿಸೋಕೆ ಜಾಗ ಇದ್ರೆ ಮತ್ತೆ ಕಳಿಸ್ತೀವಿ ಅಂದವ್ರೆ. ಖಾಲಿ ಬಿಡ್ರಪ್ಪಾ,” ಎಂದ.

“ನಿನ್ ಮಗಳು ಓಗಿ ಸಾರು ಕಾಯಿಸೋಕೆ ಊರೆಲ್ಲಾ ಬಯಲು ಕಾಯ್ಕೊಂಡು ಕೂತ್ಕೋಬೇಕಾ?” ಚಿಕ್ಕಪ್ಪ ನಕ್ಕ.

“ಆಟೋದಾಗೆ ಕುರಿ ತುಂಬ್ದಂಗೆ ಜನ ತುಂಬ್ತೀಯಲ್ಲಾ, ಅದ್ಕೇ ಕಣ್ಲಾ ನಿಂಗೆ ಬಸ್ ಬ್ಯಾಡ.”

ಚಿಕ್ಕಪ್ಪ ಅಪ್ಪನ ಕೊರಳಪಟ್ಟಿಗೆ ಕೈ ಹಾಕಿದ. ಅಪ್ಪ ತಲೆಯಿಂದಲೇ ಅವನ ಬಾಯಿಗೆ ಗುದ್ದಿದ. ಯಾರೋ ಹಾಲಿನ ಕ್ಯಾನು ಎತ್ತಿ ಬೀಸಿದರು. ಮನೆಗೆ ಬಂದು ಬರೆದುಕೊಂಡೆ: ಒಡೆದ ತಲೆ ಎರಡು, ಮುರಿದ ಕುರ್ಚಿ ಮೂರು, ಚಿಕ್ಕಪ್ಪನ ಹಲ್ಲು ಒಂದು. ತೀರ್ಮಾನ ಇಲ್ಲ.

ಬುಧವಾರ ಚಿಕ್ಕಪ್ಪ ಟ್ರ್ಯಾಕ್ಟರಿನಲ್ಲಿ ಕಾಂಪೌಂಡು ಕಟ್ಟುವ ಸೈಜುಗಲ್ಲು ತರಿಸಿ, ಮಧ್ಯಾಹ್ನದೊಳಗೆ ಬಯಲಿನ ನಡುವೆ ಒಂದು ಸಾಲು ಇಡಿಸಿದ. ಗಟ್ಟಿಯಾದ ಮಣ್ಣಿನಲ್ಲಿ ಬಸ್ಸಿನ ಗಾಲಿಯ ಗುರುತು ಇನ್ನೂ ಇತ್ತು. ಹೆಜ್ಜೆ ಹಾಕಿ ಅಳೆದೆ. ಸುತ್ತಿನ ಈ ಅಂಚಿನಿಂದ ಆ ಅಂಚಿಗೆ ಇಪ್ಪತ್ತೆಂಟು. ಕಲ್ಲಿನ ಈಚೆ ಉಳಿದದ್ದು ಹತ್ತೊಂಬತ್ತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಸಂಜೆಯವರೆಗೆ ನಾನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅಪ್ಪ ಹಾರೆ ಹಿಡಿದು ಹೋದ. ಎರಡು ಕಲ್ಲು ಮೀಟುವಷ್ಟರಲ್ಲಿ ಚಿಕ್ಕಪ್ಪನೂ ಅವನ ಇಬ್ಬರು ಡ್ರೈವರುಗಳೂ ಮೇಲೆ ಬಿದ್ದರು. ಕಿತ್ತುಕೊಂಡ ಹಾರೆಯಿಂದಲೇ ಅಪ್ಪನ ಮಣಿಕಟ್ಟಿಗೆ ಹೊಡೆದರು. ಒಣ ನೀಲಗಿರಿ ಕಡ್ಡಿ ಮುರಿದಂಥ ಸದ್ದು.

ಮಾರನೆಯ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋಗಲಿಲ್ಲ. ಬಯಲಿಗೆ ನಡೆದಳು. ನಾನೂ ಹಿಂದೆ ಹೋದೆ. ಅಲ್ಲೇ ಬಿದ್ದಿದ್ದ ಅಪ್ಪನ ಹಾರೆ ಎತ್ತಿ ಅವಳು ಕಲ್ಲು ಮೀಟತೊಡಗಿದಳು.

“ನಿಮ್ಮಪ್ಪನ್ ಕೈ ಮುರಿದಿದ್ದು ಸಾಲ್ದೇನೇ?” ಚಿಕ್ಕಪ್ಪ ದೊಣ್ಣೆ ಹಿಡಿದು ಬಂದ.

“ನನ್ ಕಾಲೂ ಮುರಿ ಚಿಕ್ಕಪ್ಪಾ. ನಿನ್ ಆಟೋದಾಗೇ ಆಸ್ಪತ್ರೆಗೆ ಬತ್ತೀನಿ, ಒಂದು ಬಾಡಿಗೆ ಆಯ್ತದೆ.”

ದೊಣ್ಣೆ ಅವಳ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿದರೂ ಹಾರೆ ಬಿಡಲಿಲ್ಲ. ನಾನು ಕೈಗೆ ಸಿಕ್ಕ ಕಲ್ಲು ಎಸೆದೆ. ಅವನ ಕಿವಿ ಹರಿಯಿತು. ಇನ್ನೊಂದು ಎತ್ತಿಕೊಂಡಾಗ ಚಿಕ್ಕಮ್ಮ ಓಡಿಬಂದಳು. ನನ್ನನ್ನು ಹಿಡಿಯುತ್ತಾಳೆ ಅಂದುಕೊಂಡೆ. ಅವಳು ಗಂಡನ ದೊಣ್ಣೆ ಕಿತ್ತು ಅವನ ಮಂಡಿಗೇ ಬಾರಿಸಿದಳು. “ಥೂ, ಮನೆ ಮಗಳ ತಲೆ ಒಡೀತೀಯಾ!” ಅವನು ಕೂತುಬಿಟ್ಟ. ನೀರಿಗೆ ಬಂದಿದ್ದ ಹೆಂಗಸರು ಬಿಂದಿಗೆ ಕೆಳಗಿಟ್ಟು ಕಲ್ಲು ಉರುಳಿಸತೊಡಗಿದರು. ಒಟ್ಟು ನಲವತ್ತಾರು ಕಲ್ಲು, ಎಲ್ಲವೂ ಪಕ್ಕದ ಹಳ್ಳಕ್ಕೆ.

ಬಸ್ಸು ಬಂದದ್ದು ಅದಾದ ಹದಿನಾರನೆಯ ದಿನ. ಡ್ರೈವರು ಒಂದೇ ಸುತ್ತಿಗೆ ತಿರುಗಿಸಿದ. ಅಷ್ಟರಲ್ಲಿ ತಿಂಗಳು ಕಳೆದು, ಅಕ್ಕನ ಜಾಗಕ್ಕೆ ಬೇರೊಬ್ಬರು ಸೇರಿದ್ದರು. ಆದರೂ ಅವಳು ಹತ್ತಿ ಕೂತಳು. ಬೇರೆ ಕ್ಯಾಂಟೀನುಗಳಲ್ಲಿ ಕೇಳಿನೋಡಬೇಕಿತ್ತು.

ಕಂಡಕ್ಟರು ಅವಳ ಹಣೆಯ ಹೊಲಿಗೆ ನೋಡಿ, “ಎಲ್ಲಮ್ಮಾ ಬಿದ್ದೆ?” ಎಂದು ಕೇಳಿದರು.

“ಬೀಳ್ಲಿಲ್ಲ ಸಾರ್, ಬಡಿದ್ರು,” ಎಂದು ಅಕ್ಕ ಆಧಾರ್ ಕಾರ್ಡು ಚಾಚಿದಳು. “ಕೆಜಿಎಫ್‌ಗೆ ಒಂದು ಕೊಡಿ.”