ಕಾರ್ಲಣ್ಣನ ಟೋಪಿ

ಅಂಟುವಾಳದ ನೊರೆಯನ್ನು ಎಷ್ಟು ನೀರು ಹಾಕಿ ತೊಳೆದರೂ ಅದರ ವಾಸನೆ ಬೆರಳ ಸಂದಿಯಲ್ಲಿ ಉಳಿದೇ ಉಳಿಯುತ್ತದೆ. ಈ ಸಲ ಆಯುಧಪೂಜೆಯ ಹಿಂದಿನ ದಿನ ಹಾಸನದ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ಬೆಳ್ಳಿಯ ಕುಂಕುಮದ ಭರಣಿ ಉಜ್ಜುತ್ತಿದ್ದೆ. ನಮ್ಮಲ್ಲಿ ಆಯುಧ ಎನ್ನಬಹುದಾದದ್ದು ಒಂದು ಸ್ಕೂಟರು, ಒಂದು ಈಳಿಗೆಮಣೆ, ನನ್ನ ಎರಡು ಪೆನ್ನು. ಪೆನ್ನುಗಳಲ್ಲಿ ಒಂದು ಬರೆಯುವುದಿಲ್ಲ. ಕೆಲಸ ಬೇಗ ಮುಗಿಯಬೇಕಿತ್ತು. ಆದರೆ ಕೈ ಮೂಸಿದ್ದೇ ತಡ, ಹದಿಮೂರು ವರ್ಷದ ಹಿಂದಿನ ಒಂದು ಮಾತು ಕಿವಿಯ ಪಕ್ಕದಲ್ಲೇ ಕೇಳಿಸಿದಂತಾಯಿತು: “ಒಳಗೂ ತೊಳ್ದ್‌ಬುಟ್ರಾ, ಮೇಷ್ಟ್ರೇ?”

ಹಾಗೆ ಕೇಳಿದವರು ಸಣ್ಣೇಗೌಡರು. ಹಾನುಬಾಳಿನ ಆಚೆ ಎಂಟು ಎಕರೆ ಕಾಫಿ ಮಾಡಿಕೊಂಡಿದ್ದವರು. ಓದಿದ್ದು ನಾಲ್ಕನೇ ಕ್ಲಾಸು. ನಾನು ಆಗ ಸಕಲೇಶಪುರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಮೊದಲನೆಯ ಮಹಾಯುದ್ಧ ಅಂದರೆ ನನಗೆ ಐದು ಕಾರಣ, ಏಳು ಪರಿಣಾಮ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಗೌಡರಿಗೆ ಅದೇ ಯುದ್ಧ ಮಂಚದ ಕೆಳಗಿನ ಒಂದು ಕಬ್ಬಿಣದ ಟ್ರಂಕು. ನೀವು ನಂಬುತ್ತೀರೋ ಇಲ್ಲವೋ, ಆ ಟ್ರಂಕಿನಲ್ಲಿ ಇದ್ದದ್ದು ಜರ್ಮನಿಯಲ್ಲಿ ಚಕ್ರವರ್ತಿ ಆಳುತ್ತಿದ್ದ ಕಾಲದ ಸೈನಿಕರ ಪದಕಗಳು, ಬೆಲ್ಟಿನ ಬಕ್ಕಲು, ನೀರಿನ ಕುಪ್ಪಿ, ಚರ್ಮದ ಒಂದು ಟೋಪಿ.

ಬಕ್ಕಲು ಮೊದಲು ಬಂದದ್ದು. ಗೌಡರ ಅಜ್ಜ ಮಹಾರಾಜರ ಕುದುರೆ ಪಡೆಯ ಜೊತೆ ಲಾಯದ ಆಳಾಗಿ ಹೋಗಿ, ಮರಳುಗಾಡಿನ ಯುದ್ಧ ನೋಡಿ, ಅದೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರಂತೆ. ನಡುವೆ ಕಿರೀಟ, ಸುತ್ತ ಅಕ್ಷರಗಳು. ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟಿದ್ದರು. ನಾನು ನಿಘಂಟು ತಿರುವಿ, “ದೇವರು ನಮ್ಮ ಜೊತೆಗಿದ್ದಾನೆ ಅಂತ ಬರೆದಿದೆ” ಎಂದಾಗ ಗೌಡರು ನಕ್ಕಿದ್ದೇ ನಕ್ಕಿದ್ದು. “ನಮ್ಮಜ್ಜಿಗೆ ಜರ್ಮನ್ ಬರ್ತಿತ್ತು ಅನ್ನಿ! ಸರಿಯಾದ್ ಜಾಗ್ದಲ್ಲೇ ಮಡಗವ್ಳೆ.”

ಉಳಿದವು ಬಂಗಲೆಗಳಿಂದ ಬಂದವು. ಯುದ್ಧ ಮುಗಿಸಿ ಕಾಫಿ ಬೆಳೆಯಲು ಬಂದ ಬಿಳಿಯರು ತಾವು ಗೆದ್ದ ಸಾಮಾನುಗಳನ್ನು ಗೋಡೆಯ ಮೇಲೆ ಕಾಡುಕೋಣದ ತಲೆಗಳ ಪಕ್ಕ ತೂಗುಹಾಕಿದ್ದರಂತೆ. ಎಸ್ಟೇಟುಗಳು ಕೈ ಬದಲಾದಾಗ ಕೋಣದ ತಲೆಗಳು ಗೋಡೆಯಲ್ಲೇ ಉಳಿದವು, ಮಿಕ್ಕವು ಸ್ಟೋರು ಸೇರಿದವು, ಇಲ್ಲವೇ ಬಟ್ಲರುಗಳ ಮನೆ ಸೇರಿದವು. ಗೌಡರು ಅವನ್ನು ಹುಡುಕಿಕೊಂಡು ಯಸಳೂರಿನವರೆಗೂ ಬಸ್ಸಿನಲ್ಲಿ ತಿರುಗಿದವರು. ಕೊಂಡು ತರುವ ಪದ್ಧತಿ ಅವರದಲ್ಲ. ಹೆಗಲ ಚೀಲದಲ್ಲಿ ಒಂದು ಕಿತ್ತಳೆ ಸಸಿ ಇಟ್ಟುಕೊಂಡು ಹೋಗುವರು. ಆ ಮನೆಯ ಹಿತ್ತಿಲಲ್ಲಿ ತಾವೇ ಗುಂಡಿ ತೋಡಿ ನೆಟ್ಟು, ಕಾಫಿ ಕುಡಿದು, ಏನೂ ಕೇಳದೆ ವಾಪಸು ಬರುವರು. ಮುಂದಿನ ವರ್ಷ ಸಸಿ ಚಿಗುರಿದೆಯೆಂದು ತಿಳಿದ ಮೇಲೆ ಹೋಗಿ ಕೇಳುವರು. “ಗಿಡ ಹಿಡೀದೆ ಹೋದ್ರೆ ಕೇಳಕ್ಕೆ ಮುಖ ಎಲ್ಲೈತೆ ಕಣ್ರೀ?” ಹೀಗೆ ಎರಡು ಪದಕಗಳು ಹಿತ್ತಿಲ ಮಣ್ಣಿನ ಗುಣದಿಂದಾಗಿ ಅವರ ಕೈತಪ್ಪಿದ್ದವು.

ಸಿಕ್ಕಿದ್ದರಲ್ಲಿ ಒಂದು ಕಪ್ಪು ಶಿಲುಬೆ. ಬೆಳ್ಳಿಯ ಅಂಚು, ನಡುವೆ ಚಕ್ರವರ್ತಿಯ ಹೆಸರಿನ ಮೊದಲ ಅಕ್ಷರ, ಕೆಳಗೆ ೧೯೧೪. ನಾನು ಮೊದಲ ಸಲ ಹೋದ ದಿನ ಗೌಡರು ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಅದರ ಹತ್ತಿರ ತಂದರು. ಶಿಲುಬೆ ಮಣೆಯ ಮೇಲಿಂದ ತಾನಾಗಿ ಎದ್ದು ‘ಟಕ್’ ಎಂದು ಅಂಟಿಕೊಂಡಿತು. “ನೋಡಿದ್ರಾ? ಒಳಗೆ ಕಬ್ಬಿಣ. ಬೆಳ್ಳಿ ಬರೀ ಸುತ್ತ. ಅಷ್ಟ್ ದೊಡ್ಡ ರಾಜ, ಶೂರನಿಗೆ ಕೊಟ್ಟಿದ್ದು ನಮ್ಮ ಹಾರೆ ಮಾಡೋ ಕಬ್ಬಿಣವ!” ನನ್ನ ಐದು ಕಾರಣಗಳಲ್ಲಿ ಒಂದೂ ಹೀಗೆ ಎದ್ದು ನಿಂತದ್ದಿಲ್ಲ.

ಟೋಪಿಯ ಕಥೆ ಬೇರೆ. ಕರಿಯ ಗಟ್ಟಿ ಚರ್ಮ, ಮುಂದೆ ಹಿತ್ತಾಳೆಯ ಹದ್ದು. ನೆತ್ತಿಯ ಮೇಲೆ ಇರಬೇಕಾದ ಈಟಿಯ ಮೊನೆಯನ್ನು ಯಾರೋ ಬಿಚ್ಚಿದ್ದರು. ಅಲ್ಲೊಂದು ತೂತು ಮಾತ್ರ ಇತ್ತು. ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರೊಬ್ಬ ಆ ತೂತಿಗೆ ಬಟ್ಟೆ ತುರುಕಿ, ಟೋಪಿ ಮಗುಚಿ, ವರ್ಷಾನುಗಟ್ಟಲೆ ಮೆಣಸು ಅಳೆದಿದ್ದ. ಒಳಗೆ ಕೈಯಿಟ್ಟರೆ ಇನ್ನೂ ಮೆಣಸಿನ ಘಾಟು, ಅದರ ಕೆಳಗೆ ಇನ್ನೂ ಹಳೆಯದಾದ ಬೆವರಿನ ವಾಸನೆ. ಮತ್ತು ಒಳಗಿನ ತೆಳುವಾದ ಚರ್ಮದ ಪಟ್ಟಿಯ ಮೇಲೆ, ಕಂದು ಶಾಯಿಯಲ್ಲಿ, ಒಂದು ಹೆಸರು.

ಈ ಹೆಸರು ಗೌಡರಿಗೆ ಏಕೆ ಅಷ್ಟು ಬೇಕಿತ್ತು ಎಂಬುದು ತಿಳಿಯಬೇಕಾದರೆ ಅವರ ಮನೆಯ ಆಯುಧಪೂಜೆ ನೋಡಬೇಕು. ಅಂಗಳದಲ್ಲಿ ಕತ್ತಿ, ಹಾರೆ, ಗುದ್ದಲಿ, ಕಾಫಿ ಕುಯ್ಯುವ ಕುಕ್ಕೆ ಎಲ್ಲ ಸಾಲಾಗಿ ಇಡುತ್ತಾರೆ. ಗೌಡರು ಒಂದೊಂದಕ್ಕೂ ಕುಂಕುಮ ಇಡುವಾಗ ಅದನ್ನು ಹಿಡಿದು ದುಡಿದವರ ಹೆಸರು ಹೇಳುತ್ತಾರೆ. “ಇದು ನಮ್ಮಪ್ಪನ ಕತ್ತಿ. ಇದು ಹೊನ್ನಯ್ಯನ ಹಾರೆ, ಅವನು ಹೋಗಿ ಆರು ವರ್ಷ. ಇದು ಲಕ್ಕಮ್ಮನ ಕುಕ್ಕೆ.” ಲಕ್ಕಮ್ಮ ಅವರ ತೋಟದಲ್ಲಿ ಮೊದಲಿನಿಂದಲೂ ಹಣ್ಣು ಕುಯ್ಯುತ್ತಿದ್ದವಳು. ಹೆಸರಿಲ್ಲದ ಸಾಮಾನು ಆ ಸಾಲಿಗೆ ಬರುವಂತಿಲ್ಲ. ಹಾಗಾಗಿ ಪದಕಗಳು ಟ್ರಂಕಿನಲ್ಲೇ ಇದ್ದವು. ಹೆಸರು ಇದ್ದದ್ದು ಟೋಪಿಗೆ ಮಾತ್ರ. “ಅವನೊಬ್ಬನ್ನಾದ್ರೂ ಅಂಗಳಕ್ಕೆ ಕರ್ಕೊಳಾಣ ಮೇಷ್ಟ್ರೇ. ಎಂಬತ್ ವರ್ಷದಿಂದ ಯಾರ್ಯಾರ್ದೋ ಮನೇಲಿ ಬಿದ್ದವ್ನೆ.”

ಆ ಹಳೆಯ ಲಿಪಿ ನನಗೆ ಓದಲು ಬರಲಿಲ್ಲ. ಮೈಸೂರಿನಲ್ಲಿ ಜರ್ಮನ್ ಬಲ್ಲ ಪ್ರಾಧ್ಯಾಪಕರೊಬ್ಬರು ನನಗೆ ಪರಿಚಯ. ದಸರಾ ರಜೆಯಲ್ಲಿ ಟೋಪಿಯನ್ನೇ ಒಯ್ದು ಓದಿಸಿಕೊಂಡು ಬರುತ್ತೇನೆ ಎಂದೆ. ಮುಂದಿನ ವರ್ಷದ ಪೂಜೆಗೆ ಹೆಸರು ಸಿದ್ಧವಾಗಿರಬೇಕು ಎಂಬುದು ನಮ್ಮ ಒಪ್ಪಂದ.

ಆ ವರ್ಷ ಪೂಜೆಯ ಹಿಂದಿನ ದಿನವೇ ಹೋಗಿದ್ದೆ. ಅಂಗಳದಲ್ಲಿ ಎಲ್ಲರೂ ಅಂಟುವಾಳದ ನೊರೆ ಮಾಡಿಕೊಂಡು ತೊಳೆಯುತ್ತಿದ್ದರು. ಗೌಡರು ಟ್ರಂಕನ್ನು ನನ್ನ ಮುಂದೆ ಇಟ್ಟು, “ಇವನ್ನ ನೀವೇ ಒರೆಸಿ. ಶಿಲುಬೆಗೆ ಹುಣಸೆಹಣ್ಣು ಮುಟ್ಟಿಸ್ಬ್ಯಾಡಿ, ಕರಿ ಬಣ್ಣ ಹೋಗ್ಬುಡ್ತೈತೆ” ಎಂದು ಹೇಳಿ ತೋಟಕ್ಕೆ ಹೋದರು. ಶಿಲುಬೆಯನ್ನು ನಾನು ಒಣ ಬಟ್ಟೆಯಿಂದ ಹೂವಿನಂತೆ ಒರೆಸಿದೆ. ಆಮೇಲೆ ಟೋಪಿಯನ್ನು ಕೈಗೆತ್ತಿಕೊಂಡೆ. ಈ ಕಮಟು ವಾಸನೆಯ ಟೋಪಿಯನ್ನು ಪ್ರಾಧ್ಯಾಪಕರ ಮೇಜಿನ ಮೇಲೆ ಹೇಗೆ ಇಡುವುದು ಎಂದು ನಾಚಿಕೆಯಾಯಿತು. ನೊರೆಯ ಪಾತ್ರೆ ಪಕ್ಕದಲ್ಲೇ ಇತ್ತು. ಶಾಯಿ ನೀರಿಗೆ ಬಿಡುತ್ತದೆ ಎಂಬುದು ಎಂ.ಎ. ಓದಿದವನಿಗೆ ಹೊಳೆಯಲಿಲ್ಲ.

ಗೌಡರು ಬಂದು ಟೋಪಿಯನ್ನು ಬಿಸಿಲಿಗೆ ಹಿಡಿದು ಅತ್ತ ಇತ್ತ ವಾಲಿಸಿ ನೋಡಿದರು. ಪಟ್ಟಿಯ ಮೇಲೆ ಅಕ್ಷರದ ಗುರುತೂ ಉಳಿದಿರಲಿಲ್ಲ. ಆಗ ಕೇಳಿದ ಮಾತೇ ಆ “ಒಳಗೂ ತೊಳ್ದ್‌ಬುಟ್ರಾ?” ಬೈಯಲಿಲ್ಲ. ಟೋಪಿಯನ್ನು ನೆರಳಿನಲ್ಲಿ ಒಣಗಲು ಇಟ್ಟು, “ಏಳಿ, ಊಟ ಮಾಡನ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರಜೆ ಮುಗಿದ ಮೇಲೆ ಹೋದಾಗ ನಾನು ಅವರಿಗೆ ಹೇಳಿದೆ: “ಗೌಡ್ರೇ, ಮೊದಲ ದಿನ ನೋಡಿದ್ದು ಈಗ ನೆನಪಿಗೆ ಬಂತು. ಕಾರ್ಲ್ ಅಂತ ಇತ್ತು.” ಗೌಡರು ನನ್ನ ಮುಖವನ್ನೇ ನೋಡಿದರು. “ಕಾರ್ಲು,” ಎಂದರು, ಹೊಸ ಅಕ್ಕಿಯ ಅನ್ನದ ರುಚಿ ನೋಡುವವರಂತೆ. “ಚೆನ್ನಾಗೈತೆ.”

ಮುಂದಿನ ವರ್ಷ ಟೋಪಿ ಅಂಗಳಕ್ಕೆ ಬಂತು. ಹೊನ್ನಯ್ಯನ ಹಾರೆಗೂ ಲಕ್ಕಮ್ಮನ ಕುಕ್ಕೆಗೂ ನಡುವೆ. ಗೌಡರು ಹದ್ದಿನ ಎದೆಗೆ ಕುಂಕುಮ ಇಟ್ಟು, “ಇದು ಕಾರ್ಲಣ್ಣನ ಟೋಪಿ” ಎಂದರು. ಲಕ್ಕಮ್ಮ ಒಂದು ಚೆಂಡುಹೂವಿನ ತೊಟ್ಟನ್ನು ಈಟಿ ಇದ್ದ ತೂತಿಗೆ ಸಿಕ್ಕಿಸಿದಳು. ಎಲ್ಲರೂ ಕೈ ಮುಗಿದರು. ಯಾವ ಊರಿನವನೋ, ಯಾವ ಮಣ್ಣಿನಲ್ಲಿ ಬಿದ್ದವನೋ, ಅವನ ನೆತ್ತಿಯ ಮೇಲೆ ಈಟಿಯ ಬದಲು ಹೂವು. ಅದರ ಬೆನ್ನಿಗೇ, ಆ ಹೆಸರನ್ನು ನಾನು ನಿಜವಾಗಿಯೂ ಓದಿದ್ದೆನೇ ಎಂಬ ಯೋಚನೆ ಬಂತು. ಅದನ್ನು ಇಷ್ಟು ವರ್ಷ ಮೂಲೆಯಲ್ಲಿ ಕೂರಿಸಿದ್ದೆ.

ಭರಣಿ ಉಜ್ಜುವುದನ್ನು ಅರ್ಧಕ್ಕೆ ಬಿಟ್ಟು ಆ ವರ್ಷದ ಡೈರಿ ಹುಡುಕಿದೆ. ಟೋಪಿಯನ್ನು ಮೊದಲು ನೋಡಿದ ದಿನ ಹೀಗೆ ಬರೆದಿದ್ದೆ: ‘ಅಕ್ಷರಗಳು ಬೇಲಿಯ ಗೂಟಗಳಂತಿವೆ. ಒಂದೂ ಓದಲಾಗಲಿಲ್ಲ.’ ರಜೆಯ ನಂತರದ ದಿನ: ‘ಗೌಡರಿಗೆ ಹೆಸರು ಹೇಳಿದೆ. ಸಮಾಧಾನ.’ ಯಾರಿಗೆ ಸಮಾಧಾನ ಎಂದು ಬರೆದಿಲ್ಲ. ವಿಚಿತ್ರವೆಂದರೆ, ಇವತ್ತು ಕಣ್ಣು ಮುಚ್ಚಿದರೆ ಆ ಚರ್ಮದ ಮೇಲೆ ‘ಕಾರ್ಲ್’ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆಗ ಸುಳ್ಳು ಹೇಳಿದೆನೋ, ಅಥವಾ ಹೇಳುವ ಹೊತ್ತಿಗೆ ನಂಬಿಬಿಟ್ಟಿದ್ದೆನೋ, ನನಗೆ ತಿಳಿಯದು. ಗೌಡರು ತೀರಿಹೋಗಿ ನಾಲ್ಕು ವರ್ಷ. ಕೇಳಲು ಯಾರೂ ಇಲ್ಲ. ಆದರೆ ಆ ಅಂಗಳದಲ್ಲಿ ಮಾರನೆಯ ದಿನದ ಪೂಜೆಯಲ್ಲೂ ಆ ಹೆಸರನ್ನು ಕೂಗುವವರಿದ್ದರು.

ಬೆಳಿಗ್ಗೆ ಹಾನುಬಾಳಿನ ಬಸ್ಸು ಹಿಡಿದೆ. ಆಲೂರು ದಾಟುವಾಗ ಇಳಿದುಬಿಡೋಣ ಅನ್ನಿಸಿತ್ತು. ಈಗ ತೋಟ ನೋಡಿಕೊಳ್ಳುತ್ತಿರುವುದು, ಪೂಜೆ ಮಾಡುವುದು ಗೌಡರ ಮಗಳು ಶಾರದ. ಸಾಲಿನಲ್ಲಿ ಈಗ ಗೌಡರ ಕತ್ತಿಯೂ ಇತ್ತು. ಅವಳು ಟೋಪಿಯ ಹತ್ತಿರ ಬಂದು, “ಇದು ಕಾರ್ಲಣ್ಣನ—” ಎನ್ನುವಷ್ಟರಲ್ಲಿ ನಾನು ಎದ್ದು ನಿಂತೆ.

“ತಡಿ ಶಾರದ. ಆ ಹೆಸರು ನಾನು ಓದಿರಲಿಲ್ಲ. ಓದುವ ಮೊದಲೇ ತೊಳೆದು ಹಾಕಿದೆ. ನಿಮ್ಮಪ್ಪನಿಗೆ ಹೇಳಿದ್ದು ನಾನು ಹುಟ್ಟಿಸಿದ ಹೆಸರು.”

ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತು. “ಇಷ್ಟ್ ವರ್ಷ ಆದ್ಮೇಲೆ ಈಗ ಹೇಳ್ತಿದೀರಲ್ಲ ಮೇಷ್ಟ್ರೇ,” ಎಂದಳು. “ನಮ್ಮಪ್ಪ ಸಾಯೋ ವರ್ಷಾನೂ ಈ ಹೆಸ್ರು ಹೇಳಿ ಕೈ ಮುಗ್ದ್ರು.” ಅವಳು ಬೆರಳು ಒರೆಸಿಕೊಂಡು ಟೋಪಿಯನ್ನು ಸಾಲಿನಿಂದ ಎತ್ತಿದಳು. ಮನೆಯ ಕಟ್ಟಳೆ ಹಾಗಿತ್ತು.

“ಅಯ್, ಮಡಗವ್ವ ಕೆಳಗೆ,” ಎಂದಳು ಲಕ್ಕಮ್ಮ. ಈಗ ಬೆನ್ನು ಪೂರ್ತಿ ಬಾಗಿದೆ. “ಕಾರ್ಲಣ್ಣ ಏನ್ ತಪ್ಪು ಮಾಡ್ದ? ವರ್ಷ ವರ್ಷ ನನ್ ಕೈಯಾರೆ ಹೂವ ಮುಡ್ಸಿವ್ನಿ. ಅವನು ನಮ್ಮೋನಾಗ್ಬುಟ್ಟ. ಈ ಮೇಷ್ಟ್ರು ಯಾರ ಹೆಸ್ರು ತೊಳ್ದಾಕಿದ್ರೋ, ಅವನೊಬ್ಬ ಇಷ್ಟ್ ದಿನ ಒಳಗೇ ಕಾಯ್ತಾ ಕುಂತವ್ನೆ. ಅವನ್ಗೂ ಇನ್ನೊಂದು ಹೂವ ತತ್ತಾ.”

ಶಾರದ ಟೋಪಿಯನ್ನು ಕೆಳಗಿಟ್ಟಳು. ಲಕ್ಕಮ್ಮ ಅದನ್ನು ಮಗುಚಿ, ನಾನು ತೊಳೆದ ಚರ್ಮದ ಪಟ್ಟಿಯ ಸಂದಿಗೆ, ಈಗ ಏನೂ ಇಲ್ಲದ ಜಾಗದಲ್ಲಿ ಒಂದು ಹೂವು ತೂರಿಸಿ, ಮೆಲ್ಲಗೆ ಮತ್ತೆ ನೆಟ್ಟಗೆ ಮಾಡಿದಳು. ಇನ್ನೊಂದನ್ನು ಎಂದಿನಂತೆ ಮೇಲಿನ ತೂತಿಗೆ ಸಿಕ್ಕಿಸಿದಳು. ಶಾರದ ಕುಂಕುಮ ಇಟ್ಟಳು. “ಇದು ಕಾರ್ಲಣ್ಣನ ಟೋಪಿ,” ಎಂದಳು. ಆಮೇಲೆ ಸೇರಿಸಿದಳು: “ಒಳಗಿರೋರ್ದೂ.”

ಬಸ್ಸಿನಲ್ಲಿ ಬರುವಾಗಲೇ ಡೈರಿ ತೆಗೆದೆ. ಮೇಲಿನ ಹೂವು ಹಳದಿ, ಒಳಗಿನದು ಕೇಸರಿ ಎಂದು ಬರೆದಿಟ್ಟಿದ್ದೇನೆ. ಇನ್ನು ಹತ್ತು ವರ್ಷಕ್ಕೆ ನನಗೆ ಬೇರೆ ಬಣ್ಣ ನೆನಪಾದರೆ ನೀವು ನನ್ನನ್ನು ನಂಬಬೇಡಿ, ಡೈರಿಯನ್ನು ನಂಬಿ.