ಕಾಲು ನೋಡುವ ಕನ್ನಡಿ

ನಲವತ್ತೊಂದು ವರ್ಷ ಊರಿನವರ ಕಾಲು ಹಿಡಿದೇ ಬದುಕಿದವರು ಸಾಹುಕಾರರು. ಇದು ಬೈಗುಳವಲ್ಲ, ಕಸುಬು. ಪೇಟೆಯ ಮೂಲೆಯಲ್ಲಿ ಅವರದು ಬೂಟಿನ ಅಂಗಡಿ. ಗಿರಾಕಿ ಮೇಲೆ ಮೆತ್ತನೆಯ ಬೆಂಚಿನಲ್ಲಿ, ಇವರು ಕೆಳಗೆ ಗಿಡ್ಡ ಸ್ಟೂಲಿನಲ್ಲಿ, ಎದುರಿಗೆ ನೆಲದ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಮೊಳ ಎತ್ತರದ ಕನ್ನಡಿ. ಆ ಕನ್ನಡಿಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ, ಬರೀ ಪಾದ. ಮುಖಕ್ಕಾದರೆ ಜನ ಪೌಡರ್ ಬಳಿದುಕೊಂಡು ಬರುತ್ತಾರೆ, ಪಾದವನ್ನು ಮಾತ್ರ ಇದ್ದ ಹಾಗೇ ತಂದು ಮುಂದೆ ಚಾಚುತ್ತಾರೆ ಎಂಬುದು ಅವರ ಅನುಭವದ ಮಾತು.

ಏನೇನು ಕಂಡಿರಲಿಲ್ಲ ಅವರು! ಒಡೆದ ಹಿಮ್ಮಡಿಯ ಸೀಳಿನಲ್ಲಿ ಕೂತ ಕರಿ ಕೊಳೆ, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಹಳದಿ ಉಗುರು, ಬೆರಳ ಸಂದಿಯ ಬಿಳಿ ಬೂಷ್ಟು, ಒದ್ದೆಯಾಗಿ ಕಾಲಲ್ಲೇ ಒಣಗಿದ ಕಾಲುಚೀಲದ ಗಬ್ಬು. ಬಾಯಿ "ಬನ್ನಿ ಬನ್ನಿ, ಕಾಲು ಕೊಡಿ" ಎನ್ನುವಾಗ ಹೊಟ್ಟೆ "ಛೀ" ಎನ್ನುತ್ತಿತ್ತು. ನುಂಗಿದ ಛೀ ಎಲ್ಲಿಗೆ ಹೋಗುತ್ತದೆ? ಅಂಗಡಿ ಮುಚ್ಚಿದ ಮೇಲೆ ಹೊರಗೆ ಬರುತ್ತದೆ. ನೆರೆಮನೆಯ ಬೆಕ್ಕಿಗೆ ಛೀ, ಲೋಟದೊಳಗೆ ಅದ್ದಿದ ಹಾಲಿನವನ ಹೆಬ್ಬೆರಳಿಗೆ ಛೀ, ನೂರು ಕೈ ಸವರಿ ಜಿಡ್ಡುಗಟ್ಟಿದ ಮೆಟ್ಟಿಲ ಕಂಬಿಗೆ ಛೀ. ಬೀದಿಯವರು ಅವರಿಗೆ ಇಟ್ಟ ಹೆಸರೇ ಛೀ ಸಾವ್ಕಾರ್ರು.

ಬೂಟು ಬಿಗಿಯಾಯಿತೆಂದು ಗಿರಾಕಿ ಮುಖ ಹಿಂಡಿದರೆ ಅವರ ಬಳಿ ಇದ್ದದ್ದು ಒಂದೇ ಮದ್ದು: "ಎರಡು ದಿನ ಹಾಕಿ, ತಾನೇ ಬಿಡುತ್ತೆ." ಒಳಗೆ ಏನೋ ಚುಚ್ಚುತ್ತದೆ ಎಂದರೂ ಅದೇ ಮದ್ದು. ಎರಡು ದಿನ ಹಾಕಿದ ಬೂಟನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಎಪ್ಪತ್ತೆರಡನೆಯ ವಯಸ್ಸಿಗೆ ಅಂಗಡಿ ಮಾರಿದರು. ಮನೆಗೆ ತಂದದ್ದು ಎರಡೇ ಸಾಮಾನು: ಆ ಕನ್ನಡಿ, ಮತ್ತು ಯಾರಿಗೂ ಮಾರಲಾಗದೆ ಉಳಿದಿದ್ದ ಒಂದು ಜೊತೆ ಕಂದು ಬೂಟು. ಕನ್ನಡಿಯನ್ನು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸಾಕಪ್ಪಾ ಸಾಕು ಅದರ ಸಹವಾಸ. ಬೂಟನ್ನು ಕಾಲಿಗೆ ಏರಿಸಿದರು. ಮನೆಯೊಳಗೂ ಬೂಟೇ. ಬರಿಗಾಲಲ್ಲಿ ನೆಲ ಮುಟ್ಟುವುದೆಂದರೆ ಅವರಿಗೆ ಊರಿನ ಉಗುಳನ್ನೆಲ್ಲ ಮುಟ್ಟಿದ ಹಾಗೆ.

ಆ ಬೂಟು ಕಂಡ ಕಂಡ ಗಿರಾಕಿಗಳ ಕಾಲು ಕಚ್ಚಿ ಪೆಟ್ಟಿಗೆಗೆ ಮರಳಿದ್ದು. ಇವರ ಕಾಲಿಗೆ ಬಂದದ್ದೇ ಬೆಣ್ಣೆಯಾಯಿತು. "ಕಾಲಿಗೂ ಯೋಗ್ಯತೆ ಬೇಕು" ಎಂದು ಹೆಮ್ಮೆಪಟ್ಟರು. ನಿಜ ಬೇರೆಯೇ ಇತ್ತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ಇಷ್ಟಿಷ್ಟೇ ನೆಕ್ಕಿ ಮುಗಿಸಿತ್ತು. ನಡೆದರೆ ಹತ್ತಿಯ ಮೇಲೆ ನಡೆದಂತೆ. ಡಾಕ್ಟರು, "ದಿನಾ ಅಂಗಾಲು ನೋಡ್ಕೊಳ್ಳಿ, ಗಾಯ ಆದ್ರೂ ನಿಮಗೆ ಗೊತ್ತಾಗಲ್ಲ" ಎಂದಿದ್ದರು. "ನಲವತ್ತೊಂದು ವರ್ಷ ನೋಡಿದೀನಿ ಡಾಕ್ಟ್ರೇ, ನನ್ನ ಪಾಲಿನ ಅಂಗಾಲು ಮುಗೀತು" ಎಂದು ಇವರು ಎದ್ದುಬಂದಿದ್ದರು.

ಹೆಂಡತಿ ಇದ್ದಾಗ ಉಗುರು ಕತ್ತರಿಸುವ ನೆಪದಲ್ಲಾದರೂ ಆ ಪಾದವನ್ನು ನೋಡುತ್ತಿದ್ದಳು. ಅವಳು ಹೋಗಿ ಒಂಬತ್ತು ವರ್ಷ. ಈಗ ಬಗ್ಗಲು ಹೊಟ್ಟೆ ಅಡ್ಡ. ಸ್ನಾನದ ನೀರು ತಲೆಯಿಂದ ಇಳಿದು ತಾನೇ ಪಾದ ತೊಳೆಯುತ್ತದೆ ಎಂಬ ನಂಬಿಕೆ ಬೇರೆ. ಕಾಲುಚೀಲ ಕಪ್ಪು. ಕೊಳೆ ಕಾಣದ ಬಣ್ಣ. ಅಂಗಡಿಯಲ್ಲಿ ಅತಿ ಹೆಚ್ಚು ಖರ್ಚಾಗುತ್ತಿದ್ದದ್ದೂ ಅದೇ.

ಇನ್ನೊಂದು ಗುಟ್ಟಿತ್ತು. ಮೂರು ವರ್ಷದ ಹಿಂದೆ ಬಂದ ಕೆಟ್ಟ ನೆಗಡಿ ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಅಂದಿನಿಂದ ಹೂವೂ ಇಲ್ಲ, ಮೋರಿಯೂ ಇಲ್ಲ. ಬೇರೆಯವರಾಗಿದ್ದರೆ ಅಳುತ್ತಿದ್ದರು, ಅಷ್ಟು ಕಾಲುಚೀಲ ಮೂಸಿದ ಸಾಹುಕಾರರಿಗೆ ಅದು ಪಿಂಚಣಿ ಬಂದಂತೆ ಆಯಿತು. ಆದರೆ ಯಾರಿಗೂ ಹೇಳಲಿಲ್ಲ, ತಂಗಿಗಂತೂ ಉಸಿರೇ ಬಿಡಲಿಲ್ಲ. ಒಮ್ಮೆ ಒಲೆಯ ಮೇಲೆ ಪಾತ್ರೆ ಸೀದು ಹೊಗೆ ಬೀದಿಗೆ ಬಂದಾಗಲೇ ಅವಳು ಫೋನಿನಲ್ಲಿ ಗುಡುಗಿದ್ದಳು: "ಅಣ್ಣಾ, ಇನ್ನೊಂದು ದೂರು ನನ್ನ ಕಿವಿಗೆ ಬಿದ್ರೆ ಬಂದು ಕರ್ಕೊಂಡು ಹೋಗ್ತೀನಿ. ಒಬ್ಬನೇ ಇರೋ ಆಟ ಸಾಕು."

ತಂಗಿಯ ಮನೆಯಲ್ಲಿ ಬಚ್ಚಲು ಒಂದು, ಜನ ಆರು. ಅವಳ ಗಂಡ ಹಲ್ಲಿನ ಸೆಟ್ಟನ್ನು ಕಳಚಿ, ನೀರಿನ ಲೋಟದಲ್ಲಿ ಹಾಕಿ, ಊಟದ ಮೇಜಿನ ಮೇಲೇ ಇಡುತ್ತಾನೆ. ನೀರಿನಲ್ಲಿ ಅನ್ನದ ಅಗುಳು ತೇಲುತ್ತಿರುತ್ತದೆ. ಆ ಲೋಟ ನೆನಪಾದರೆ ಸಾಹುಕಾರರಿಗೆ ತುತ್ತು ಇಳಿಯುತ್ತಿರಲಿಲ್ಲ. ಸತ್ತರೂ ಸರಿ, ಆ ಲೋಟದ ಪಕ್ಕ ಕೂತು ಉಣ್ಣುವುದಿಲ್ಲ.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಪಕ್ಕದ ಮನೆಯ ಟೈಲರಮ್ಮ ಬಾಗಿಲು ತಟ್ಟಿದಳು. ಕೊರಳಲ್ಲಿ ಅಳತೆ ಟೇಪು, ಮೂಗಿಗೆ ಬಟ್ಟೆ ಚೂರು.

"ಸಾವ್ಕಾರ್ರೇ, ನಿಮ್ಮನೇಲಿ ಏನೋ ಸತ್ತಿದೆ."

"ನಾನಂತೂ ಬದುಕಿದೀನಿ. ಇನ್ಯಾರಿದಾರೆ ಸಾಯೋಕೆ?"

"ತಮಾಷೆ ಬೇಡ. ಮೂರು ದಿನದಿಂದ ಮಿಷನ್ ಮುಂದೆ ಕೂರೋಕಾಗ್ತಿಲ್ಲ ನಂಗೆ. ಬಟ್ಟೆ ಕೊಡೋಕೆ ಬಂದೋರು ಬಾಗಿಲಿಂದಾನೇ ವಾಪಸ್ ಹೋಗ್ತಾರೆ. ನಿಮಗೆ ವಾಸನೆ ಬರ್ತಿಲ್ವಾ?"

ಇಲ್ಲ ಎಂದರೆ ಗುಟ್ಟು ರಟ್ಟು. ಸಾಹುಕಾರರು ಮೂಗನ್ನು ಗಾಳಿಗೆ ಎತ್ತಿ ಜೋರಾಗಿ ಎಳೆದರು, ಮುಖ ಹುಳ್ಳಗೆ ಮಾಡಿದರು. ನಟನೆ ಸೊಗಸಾಗಿಯೇ ಇತ್ತು, ದಿಕ್ಕು ಮಾತ್ರ ತಪ್ಪಿತು.

"ಬರ್ತಿದೆ, ಬರ್ತಿದೆ. ನಿಮ್ಮ ಕಡೆಯಿಂದಾನೇ! ಆ ನಿಮ್ಮ ಬೆಕ್ಕು ಎಲ್ಲೋ ಹೆಗ್ಗಣ ತಂದು ಹಾಕಿರ್ಬೇಕು. ಛೀ."

"ಬೆಕ್ಕು ಹೋಗಿ ಎರಡು ತಿಂಗಳಾಯ್ತು. ತಮ್ಮ ಎಲೇಲಿ ಹೆಗ್ಗಣ ಸತ್ತುಬಿದ್ದಿದ್ರೂ ಪಕ್ಕದೋರ ಎಲೆಯ ನೊಣ ಹುಡುಕೋರು ನೀವು!" ಟೈಲರಮ್ಮ ಬಟ್ಟೆ ಚೂರನ್ನು ಇನ್ನಷ್ಟು ಒತ್ತಿಕೊಂಡಳು. "ಭಾನುವಾರದೊಳಗೆ ಇದು ಹೋಗ್ದಿದ್ರೆ ನಿಮ್ಮ ತಂಗಿಗೆ ಫೋನ್ ಮಾಡ್ತೀನಿ. ನಂಬರ್ ಇದೆ ನನ್ಹತ್ರ."

ಕಣ್ಣ ಮುಂದೆ ಲೋಟ ತೇಲಿಬಂತು, ಹಲ್ಲಿನ ಸಮೇತ.

ಬುಧವಾರವೇ ಬೇಟೆ ಶುರುವಾಯಿತು. ಮಂಚ ಎಳೆದರು, ಬೀರು ಸರಿಸಿದರು. ಹೆಗ್ಗಣ ಸಿಗಲಿಲ್ಲ, ಸಿಕ್ಕಿದ್ದು ಒಣಗಿದ ಜಿರಲೆಗಳು, ಕೂದಲಿನ ಉಂಡೆ, ಫ್ರಿಜ್ಜಿನ ಹಿಂದಿನ ಬಟ್ಟಲಿನಲ್ಲಿ ಬೂದು ತುಪ್ಪಳ ಬೆಳೆಸಿಕೊಂಡಿದ್ದ ತರಕಾರಿ. ಎಲ್ಲಕ್ಕೂ ಒಂದೊಂದು ಛೀ ಸಲ್ಲಿಸಿ ಹೊರಗೆ ಎಸೆದರು. ನೆಲಕ್ಕೆ ಫಿನಾಯಿಲ್ ಸುರಿದರು. ಎಷ್ಟು ಸುರಿದರೆ ಸಾಕು ಎಂದು ಮೂಗು ಹೇಳದ ಕಾರಣ ಎರಡು ಬಾಟಲಿ ಖಾಲಿ ಮಾಡಿದರು. ಶುಕ್ರವಾರ ಟೈಲರಮ್ಮ ಕಿಟಕಿಯಿಂದ ಕೂಗಿದಳು: "ಮೊದ್ಲು ಬರೀ ಸತ್ತ ವಾಸನೆ ಇತ್ತು. ಈಗ ಆಸ್ಪತ್ರೇಲಿ ಸತ್ತ ವಾಸನೆ!"

ಆ ಹೊತ್ತಿಗೆ ಸಾಹುಕಾರರಿಗೆ ಮೈ ಸ್ವಲ್ಪ ನಡುಗುತ್ತಿತ್ತು. ಬಲಗಾಲು ಭಾರ. ವಯಸ್ಸಾದ ಮೇಲೆ ಬೀರು ಎಳೆದರೆ ಇನ್ನೇನಾದೀತು ಎಂದುಕೊಂಡರು. ಉಳಿದದ್ದು ಮೋರಿ ಒಂದೇ. ಶನಿವಾರ ಮೋರಿ ರಿಪೇರಿಯವನನ್ನು ಕರೆಸಿದರು.

ಅವನನ್ನು ಕಂಡದ್ದೇ ಅವರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಮೊಣಕೈವರೆಗೂ ಕರಿ ಲೋಳೆ, ಉಗುರಿನೊಳಗೆ ಊರಿನ ಬಚ್ಚಲೆಲ್ಲ. ಬರಿಗೈಯನ್ನೇ ಕೊಳವೆಯೊಳಗೆ ತೂರಿಸಿ ಕಲಸಿದ, ತೆಗೆದು ಚಡ್ಡಿಗೆ ಒರೆಸಿದ, ಅದೇ ಕೈ ಚಾಚಿ, "ಯಜಮಾನ್ರೇ, ಒಂದು ಲೋಟ ನೀರು" ಎಂದ. ಸಾಹುಕಾರರು ಆ ಲೋಟವನ್ನು ಇವತ್ತೇ ಎಸೆಯಬೇಕೆಂದು ಗುರುತು ಮಾಡಿಟ್ಟುಕೊಂಡು ನೀರು ಕೊಟ್ಟರು.

"ಮೋರಿ ಕನ್ನಡಿ ಹಾಗಿದೆ" ಎಂದ ಅವನು. "ಈ ವಾಸನೆ ಮೋರೀದಲ್ಲ. ಮೋರಿದು ಹುಳಿ ಇರುತ್ತೆ. ಇದು ಸಿಹಿ. ಮಾಂಸದ್ದು."

"ಮೋರಿ ವಾಸನೇಲೂ ರುಚಿ ನೋಡ್ತೀಯೇನಪ್ಪಾ? ಛೀ!"

"ನನ್ನ ಹೊಟ್ಟೆಪಾಡೇ ಮೂಗು ಯಜಮಾನ್ರೇ." ಅವನು ಬಚ್ಚಲಲ್ಲಿ ನಿಂತು ಮೂಸಿದ, ಅಡಿಗೆಮನೆಯಲ್ಲಿ ಮೂಸಿದ, ನಡುಮನೆಗೆ ಬಂದು ಹುಬ್ಬು ಗಂಟಿಕ್ಕಿದ. "ಇದೇನಿದು, ಈಗ ಬಚ್ಚಲಲ್ಲಿತ್ತು, ಇಲ್ಲಿಗೆ ಬಂತು. ನೀವೊಂದ್ಸಲ ಆ ಕಿಟಕಿ ಹತ್ರ ಹೋಗಿ ನಿಂತ್ಕೊಳ್ಳಿ."

ಹೋದರು. ಅವನು ಮೂಸಿದ.

"ಈಗ ಬಾಗಿಲ ಹತ್ರ."

ಬಂದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲಲ್ಲಿ ಆಗಲೇ ಟೈಲರಮ್ಮ ಬಂದು ನಿಂತಿದ್ದಳು. ತನಿಖೆಯ ಫಲಿತಾಂಶ ಅವಳಿಗೂ ಬೇಕಿತ್ತು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ವಾಸನೆ ನಡೀತಿದೆ. ನೀವು ಹೋದ ಕಡೆ ಬರ್ತಿದೆ."

"ದಿನಕ್ಕೆ ಎರಡು ಸಲ ಸ್ನಾನ ಮಾಡೋನು ನಾನು!" ಸಾಹುಕಾರರ ಧ್ವನಿ ಕಿರುಚಿತು. "ಬಚ್ಚಲಲ್ಲಿ ಕೈ ಆಡಿಸೋನು ನಂಗೆ ಗಲೀಜು ಅಂತೀಯಾ?"

"ಕೂತ್ಕೊಳ್ಳಿ. ಬೂಟು ಬಿಚ್ಚಿ ನೋಡೋಣ."

ಅವನು ಹೇಳಿದ್ದಷ್ಟೇ ಅಲ್ಲ, ನೆಲಕ್ಕೆ ಕೂತೇಬಿಟ್ಟ. ಸಾಹುಕಾರರು ಕುರ್ಚಿಯಲ್ಲಿ, ಅವನು ಅವರ ಕಾಲ ಬಳಿ. ಲೇಸು ಸಡಿಲಿಸಿ, ಹಿಮ್ಮಡಿ ಹಿಡಿದು, ಬಲಗಾಲಿನ ಬೂಟನ್ನು ಎಳೆದ. ಸಾಹುಕಾರರು ಅವನ ಮುಖವನ್ನೇ ನೋಡುತ್ತಿದ್ದರು. ನಲವತ್ತೊಂದು ವರ್ಷ ತಾವು "ಬನ್ನಿ ಬನ್ನಿ" ಹಿಂದೆ ಅಡಗಿಸಿಟ್ಟಿದ್ದ ಮುಖ ಅದು, ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಕಣ್ಣು ಕಿರಿದಾಯಿತು, ಗಂಟಲು ಒಮ್ಮೆ ಏರಿ ಇಳಿಯಿತು. ಆದರೆ ಮೋರಿಯವನು ಛೀ ಎನ್ನಲಿಲ್ಲ.

ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಟೈಲರಮ್ಮ ಕತ್ತರಿ ತಂದು ಕತ್ತರಿಸಿಕೊಟ್ಟಳು. ಬಟ್ಟೆಯ ಜೊತೆ ಏನೋ ಒದ್ದೆಯಾದದ್ದು ಕಿತ್ತು ಬಂತು. ನೋವು ಮಾತ್ರ ಎಳ್ಳಷ್ಟೂ ಇಲ್ಲ.

"ಏನಿದೆ? ಏನಿದೆ ಅಲ್ಲಿ?"

ಮೋರಿಯವನು ಬೂಟಿನೊಳಗೆ ಬೆರಳಾಡಿಸಿ ಹೇಳಿದ: "ಮೊಳೆ ಇದೆ. ಅಟ್ಟೆಯಿಂದ ಮೇಲೆ ಎದ್ದಿದೆ, ಅರ್ಧ ಬೆರಳಷ್ಟು. ಎಷ್ಟು ದಿನದಿಂದ ಇದರ ಮೇಲೆ ನಡೀತಿದೀರೋ ಏನೋ."

"ಬಾಗಿಲ ಹಿಂದೆ ಕನ್ನಡಿ ಇದೆ" ಎಂದರು ಸಾಹುಕಾರರು. "ತನ್ನಿ."

ಟೈಲರಮ್ಮ ಧೂಳು ಕೊಡವಿ ತಂದು ಕಾಲ ಮುಂದೆ ಓರೆಯಾಗಿ ಇಟ್ಟಳು. ಕನ್ನಡಿ ತನ್ನ ಹಳೆಯ ಕೆಲಸ ಮರೆತಿರಲಿಲ್ಲ. ಕಿರುಬೆರಳ ಬುಡದಲ್ಲಿ ಒಂದು ಗುಳಿ. ಅಂಚು ಕರಿ, ಒಳಗೆ ಹಸಿರು ಹಳದಿಯ ಪಸೆ. ಪಕ್ಕದ ಎರಡು ಬೆರಳು ಕೊಳೆತ ಬದನೆಯ ಬಣ್ಣ. ಗುಳಿಯೊಳಗೆ ಬಿಳಿಯದೊಂದು ಅಲುಗಿತು. ಅಂಗಡಿಯ ಕನ್ನಡಿ ಅಷ್ಟು ಹೇಸಿಗೆಯ ಪಾದವನ್ನು ಎಂದೂ ತೋರಿಸಿರಲಿಲ್ಲ. ಅದು ಯಾರದೋ ಗಿರಾಕಿಯದು ಎಂಬಂತೆ ಅವರು ಒಂದು ಕ್ಷಣ ಮೇಲೆ ನೋಡಿದರು. ಮೇಲೆ ಅವರೇ ಇದ್ದರು.

"ಛೀ" ಎಂದರು ಸಾಹುಕಾರರು, ತುಂಬ ಮೆಲ್ಲಗೆ. ಆಮೇಲೆ ವಾಂತಿ ಮಾಡಿಕೊಂಡರು.

ಮೋರಿಯವನೇ ಆಟೋ ತಂದು, ಎತ್ತಿ ಕೂರಿಸಿ, ಆಸ್ಪತ್ರೆಗೆ ಒಯ್ದ. ಆ ಲೋಳೆಯ ಕೈ ಬಗಲಲ್ಲಿ ಒತ್ತುತ್ತಿದ್ದರೂ ಅವರು ಬೇಡ ಎನ್ನಲಿಲ್ಲ. ಎರಡು ಬೆರಳು ಹೋದವು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲವರೆಗೂ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು.

ತಂಗಿ ಚೀಲ ಹಿಡಿದುಕೊಂಡೇ ಬಂದಳು. "ಸಾಕಣ್ಣಾ. ಇಲ್ಲಿಂದ ನೇರ ನಮ್ಮನೆಗೆ. ಹಿಂದಿನ ರೂಮು ಖಾಲಿ ಮಾಡ್ಸಿದೀನಿ."

ಹಾಸಿಗೆಯ ಮೇಲಿಂದ ಸಾಹುಕಾರರು ಗೋಡೆ ನೋಡಿದರು. ಪಕ್ಕದಲ್ಲಿ ಟೈಲರಮ್ಮ ಗಂಜಿಯ ಡಬ್ಬಿ ಮುಚ್ಚುತ್ತಿದ್ದಳು.

"ನಂಗೆ ವಾಸನೆ ಬರಲ್ಲ" ಎಂದರು ಕೊನೆಗೆ. "ಮೂರು ವರ್ಷ ಆಯ್ತು. ಕಾಲಿಗೂ ಏನೂ ಗೊತ್ತಾಗಲ್ಲ." ಮಾಲಿನ ದೋಷವನ್ನು ತಾವಾಗಿ ಬಾಯಿಬಿಟ್ಟು ಹೇಳಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

ತಂಗಿ ಹಣೆ ಚಚ್ಚಿಕೊಂಡಳು. "ಕೇಳಿದ್ರಾ ಟೈಲರಮ್ಮಾ! ಗ್ಯಾಸ್ ಬಿಟ್ಟುಹೋಗಿದ್ರೆ? ಇದನ್ನ ಇಷ್ಟು ದಿನ ಮುಚ್ಚಿಟ್ಟಿದಾನೆ. ಇನ್ನೂ ಒಬ್ಬನೇ ಬಿಡ್ಲಾ?"

"ಬಿಡಬೇಡಿ" ಎಂದಳು ಟೈಲರಮ್ಮ. ಸಾಹುಕಾರರು ಗೋಡೆಯಿಂದ ತಟ್ಟನೆ ಇತ್ತ ತಿರುಗಿದರು. ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಂದುವರಿಸಿದಳು: "ದಿನಾ ಬೆಳಿಗ್ಗೆ ನಾನು ಬರ್ತೀನಿ. ಹಾಲು ಮೂಸ್ತೀನಿ, ಒಲೆ ಮೂಸ್ತೀನಿ. ಇವರು ಕನ್ನಡಿ ಇಟ್ಕೊಂಡು ಅಂಗಾಲು ನೋಡ್ಬೇಕು, ನಂಗೂ ತೋರಿಸ್ಬೇಕು. ಪುಕ್ಕಟೆ ಅಲ್ಲ. ನಾನು ಹೊಲಿಯೋ ಅಂಗಿಗಳಿಗೆ ಗುಂಡಿ ಹಾಕಿಕೊಡ್ಬೇಕು. ಅಂಗಡೀಲಿ ಬಿಟ್ಟುಹೋದ ಬೂಟು ಹೊಲಿದು ಸೂಜಿ ಹಿಡಿದ ಕೈ ಅಲ್ವಾ ಅವರದ್ದು."

"ಕಂಡೋರ ಅಂಗಿನಾ? ಬೆವರಿನ ಅಂಗಿ?"

"ಹೊಸಾ ಅಂಗಿ, ಸಾವ್ಕಾರ್ರೇ. ಬೇಡ ಅಂದ್ರೆ ಹಲ್ಲಿನ ಲೋಟ ಇದ್ದೇ ಇದೆ."

ಲೋಟದ ಸಂಗತಿ ಇವಳಿಗೆ ಹೇಗೆ ಗೊತ್ತಾಯಿತು ಎಂದು ಅವರು ತಂಗಿಯ ಮುಖ ನೋಡಿದರು. ತಂಗಿ ಬೇರೆ ಕಡೆ ತಿರುಗಿ ನಗು ನುಂಗುತ್ತಿದ್ದಳು. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟಳು: "ಒಂದು ತಿಂಗಳು ನೋಡ್ತೀನಿ. ಒಂದೇ ಒಂದು ದಿನ ತಪ್ಪಿದ್ರೂ ಗಾಡಿ ತರ್ತೀನಿ."

ಮನೆಗೆ ಮರಳಿದ ಮರುದಿನದಿಂದ ಕನ್ನಡಿ ಕುರ್ಚಿಯ ಎದುರಿಗೆ ಬಂತು. ಸಾಹುಕಾರರು ದಿನಾ ಬೆಳಿಗ್ಗೆ ಕಾಲು ಚಾಚಿ ಕೂತು, ಮೂಗು ಮುರಿದು, ನೋಡುತ್ತಾರೆ. ಬೆರಳಿದ್ದ ಜಾಗದಲ್ಲಿ ಈಗ ತಿಳಿಗೆಂಪು ಹೊಲಿಗೆ. ಅಭ್ಯಾಸವಾಗಿದೆ ಎಂದರೆ ಸುಳ್ಳು. ಹೇಸಿಗೆ ಇನ್ನೂ ಆಗುತ್ತದೆ, ಆದರೂ ನೋಡುತ್ತಾರೆ. ಆಸ್ಪತ್ರೆಯವರು ಹೇಳಿ ಮಾಡಿಸಿದ ಅಗಲ ಬೂಟು ಪಕ್ಕದಲ್ಲಿ. ಅಂಗಡಿಯ ಕಾಲದಲ್ಲಾಗಿದ್ದರೆ ಅದನ್ನು ದೋಣಿ ಎಂದು ನಗುತ್ತಿದ್ದರು.

ಇಪ್ಪತ್ತಮೂರನೆಯ ದಿನ ಟೈಲರಮ್ಮ ಹಾಲಿನ ಪಾತ್ರೆ ಮೂಸಿ ಕೆಳಗಿಟ್ಟು ಕೇಳಿದಳು: "ನೋಡಿದ್ರಾ?"

"ನೋಡ್ದೆ."

"ತೋರ್ಸಿ." ಅವರು ಪಾದವನ್ನು ಕನ್ನಡಿಯತ್ತ ತಿರುಗಿಸಿದರು. ಅವಳು ಬಗ್ಗಿ ನೋಡಿ ತಲೆಯಾಡಿಸಿದಳು. "ಬೂಟು ಕೊಡವಿದ್ರಾ?"

ಅವರು ಬೂಟನ್ನು ಬೋರಲು ಮಾಡಿ ಕೊಡವಿದರು. ಏನೂ ಬೀಳಲಿಲ್ಲ. ಆಮೇಲೆ ಯಾವ ಗಿರಾಕಿಗೂ ಮಾಡಿಕೊಡದಿದ್ದ ಕೆಲಸ ಮಾಡಿದರು: ಕೈಯನ್ನು ಒಳಗೆ ತೂರಿಸಿ, ತುದಿಯವರೆಗೂ ಬೆರಳಿನಿಂದ ಸವರಿದರು. ಮೂಲೆಯಲ್ಲಿ ಏನೋ ಗಟ್ಟಿಯಾದದ್ದು ಸಿಕ್ಕಿತು. ಹೊರಗೆ ತೆಗೆದರೆ ಅಂಗಿಯ ಗುಂಡಿ, ಹಿಂದಿನ ದಿನ ಹೊಲಿಯುವಾಗ ಜಾರಿ ಬಿದ್ದದ್ದು.

ಟೈಲರಮ್ಮ ಗುಂಡಿಯನ್ನೂ ನೋಡಿದಳು, ಅವರ ಮುಖವನ್ನೂ ನೋಡಿದಳು.

"ನನ್ನ ಮದುವೆಗೆ ನಿಮ್ಮ ಅಂಗಡೀಲಿ ಬೂಟು ತಗೊಂಡಿದ್ದೆ. ಒಳಗೆ ಏನೋ ಚುಚ್ಚುತ್ತೆ ಅಂದಿದ್ದಕ್ಕೆ ಏನು ಹೇಳಿದ್ರಿ, ನೆನಪಿದೆಯಾ?"

ಸಾಹುಕಾರರು ಗುಂಡಿಯನ್ನು ಅವಳ ಅಂಗೈಗೆ ಹಾಕಿದರು. "ಯಾವ ಕಾಲಿಗೆ ಚುಚ್ತಿತ್ತು?" ಎಂದು ಕೇಳಿದರು.