ಖಂಡೇ ಪೂಜೆಗೆ ಬಿಚ್ಚಿದ ಡಬ್ಬಿ

ಈರಪ್ಪಾ, ಆ ಗಾಜುಗಳನ್ನು ಕೆಡಿಸಿದವಳು ನಾನು. ನಿನ್ನ ಕೈಯಲ್ಲ — ನಿನ್ನ ಅತ್ತಿಗೆಯ ಕೈ.

ಇವತ್ತು ನನ್ನ ಎದೆ ಉಕ್ಕುತ್ತಿದೆ. ಮೊಮ್ಮಗಳು ಆನೆಗೊಂದಿ ಕಡೆಯ ಗುಡ್ಡ ಹತ್ತಿ, ಕಾಡು ತಿರುಗಿ, ಗೌರಿ ಹೂವಿನ ಫೋಟೋ ತಂದಿದ್ದಾಳೆ. ಬುಡ ಹಳದಿ, ತುದಿ ಕೆಂಪು, ಉರಿವ ದೀಪವೇ! ನನ್ನ ಬಂಗಾರ — ಓಣಿಯವರನ್ನೆಲ್ಲ ಕರೆದು ಸಕ್ಕರೆ ಹಂಚಿದೆ. ನೀನೂ ಬಂದು ಬಹಳ ಹೊತ್ತು ನೋಡಿದೆ.

"ಬೆಳಕು ಭಾಳ ಛಲೋ ಹಿಡದೀ ಯವ್ವಾ. ನನ್ನ ಕೈಗೆ ಇದು ಒಲೀಲಿಲ್ಲ ನೋಡು" ಅಂದೆ ನೀನು ಅವಳಿಗೆ. ನಗುತ್ತಲೇ ಅಂದೆ. ನಾನು ಸಕ್ಕರೆ ತಟ್ಟೆ ಹಿಡಿದು ಒಳಗೆ ಬಂದುಬಿಟ್ಟೆ.

ಆಗ ನಿಜಾಮರ ಆಳಿಕೆ. ಗಂಗಾವತಿಯ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ನಿನಗೆ ಕ್ಯಾಮೆರಾದ ಹುಚ್ಚು. ಮಳೆಗಾಲದ ಕಾಡುಹೂಗಳು ಚೆನ್ನಾಗಿ ಮೂಡಿಬಂದರೆ ನಿನ್ನನ್ನು ತಮ್ಮ ಸ್ಟುಡಿಯೋದಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದಾಗಿ ಹೈದರಾಬಾದಿನ ಸಾಹೇಬರೊಬ್ಬರು ಹೇಳಿದ್ದರು. ಮಾವನವರದು ಒಂದೇ ಮಾತು: "ಫೋಟೋ ಬರಲಿಲ್ಲಂದ್ರ ಸುಮ್ನ ಅಂಗಡ್ಯಾಗ ತಕ್ಕಡಿ ಹಿಡಿ." ನೀನು ಮುಳ್ಳು ತುಳಿದು ಗುಡ್ಡ ಸುತ್ತಿ ಬಂದು, ಕ್ಯಾಮೆರಾಕ್ಕೆ ರೀಲಿನ ಬದಲು ಹಾಕುತ್ತಿದ್ದ ಫೋಟೋದ ಗಾಜುಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಅವನ್ನು ತೊಳೆಯುವ ಔಷಧ ತರಲು ಕೊಪ್ಪಳಕ್ಕೆ ಹೋದೆ.

ಮರುದಿನ ಖಂಡೇ ಪೂಜೆ, ನವರಾತ್ರಿಯ ಆಯುಧ ಪೂಜೆ. ಎಲ್ಲರೂ ಅಂಗಡಿಯಲ್ಲಿ, ಮನೆಯ ಸಾಮಾನಿನ ಪೂಜೆ ನನ್ನದು. ಮುಚ್ಚಿದ ವಸ್ತುವಿಗೆ ಪೂಜೆ ಸಲ್ಲದೆಂಬುದು ನಮ್ಮ ಮನೆಯ ಪದ್ಧತಿ — ಪೆಟ್ಟಿಗೆಯ ಬಾಯಿ ತೆರೆಯಬೇಕು, ಬೀಗವನ್ನೂ ಬಿಚ್ಚಿಡಬೇಕು. ನಿನ್ನ ಕೆಲಸದ ಮೇಲೂ ದೇವಿಯ ಕಣ್ಣು ಬೀಳಲಿ ಎಂದು ಡಬ್ಬಿ ತೆರೆದೆ. ಒಂದೊಂದೇ ಗಾಜು ಬಿಚ್ಚಿ, ಅಂಗಳದ ಬಿಸಿಲಿನಲ್ಲಿಟ್ಟು, ಹೂ ಏರಿಸಿ ಕೈಮುಗಿದೆ. ಆಮೇಲೆ ಇದ್ದ ಹಾಗೆಯೇ ಸುತ್ತಿಟ್ಟೆ.

ನೀನು ಕಾಳಿನ ಕೋಣೆಯ ಕತ್ತಲಲ್ಲಿ ತೊಳೆದು ಹೊರತಂದಾಗ ಎಲ್ಲ ಗಾಜೂ ಕಾಡಿಗೆಯಂತೆ ಕಪ್ಪು.

"ಫೋಟೋ ಸಾಹೇಬ್ರ, ಇವು ಹೂವೋ, ಅಮಾಸಿ ಕತ್ತಲೋ?" ಎಂದರು ಮಾವನವರು.

ನೀನು ಅವರತ್ತ ನೋಡಲಿಲ್ಲ. "ತೊಳಿಯೂಕಿಂತ ಮೊದಲ ಇವಕ್ಕ ಬಿಸಲು ಬಡದೈತಿ. ನಾನ ಎಲ್ಲೆರ ತಪ್ಪಿದ್ನೇನು..." ಎಂದು ಗೊಣಗಿದೆ. ನಾನು ಅಂಗಳದಲ್ಲಿ ಬಿಚ್ಚಿಟ್ಟದ್ದರಿಂದಲೇ ಹೀಗಾಯಿತೆಂದು ಆಗ ತಿಳಿಯಿತು ನನಗೆ. ಅಷ್ಟರಲ್ಲಿ ನೀನು ನನ್ನ ಕಡೆ ತಿರುಗಿದೆ.

"ವೈನಿ, ಡಬ್ಬಿ ಯಾರರ ಮುಟ್ಟಿದ್ರೇನ್ರಿ?"

"ಇಲ್ಲಪ್ಪಾ."

ಬಿಸಿಲಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಆ 'ಇಲ್ಲ' — ಅದು ಗೊತ್ತಿದ್ದೇ ಆಡಿದ್ದು. ಮಾವನವರಿಗೆ ಹೆದರಿದೆ. ಅವರು ತೀರಿಕೊಂಡ ಮೇಲೆ ಯಾರಿಗೆ ಹೆದರಿದೆ? ನಿನಗೆ... ನಿನ್ನ ಮುಖಕ್ಕೆ.

ಮತ್ತೆ ನೀನು ಕ್ಯಾಮೆರಾ ಮುಟ್ಟಲಿಲ್ಲ. ತಕ್ಕಡಿ ಹಿಡಿದೇ ತಲೆ ನರೆಯಿತು.

ಈಗ ಪಡಸಾಲೆಯಲ್ಲಿ ಮೊಮ್ಮಗಳು ನಿನಗೆ ಗಂಟುಬಿದ್ದಿದ್ದಾಳೆ — "ಸಣ್ಣಜ್ಜಾ, ನೀನೂ ಒಂದು ಫೋಟೋ ತಗೀ." ನೀನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೀ. ಬಾಗಿಲ ಸಂದಿಯಿಂದ ಕಾಣುತ್ತಿದೆ. ಓಣಿಯವರೂ ಇನ್ನೂ ಕೂತಿದ್ದಾರೆ. ಅವರು ಏಳುವ ಮೊದಲೇ ಹೊರಗೆ ಬರುತ್ತೇನೆ, ಈರಪ್ಪಾ. ಎಲ್ಲರೆದುರು ಹೇಳುತ್ತೇನೆ. ಆಮೇಲೆ ಮೊಮ್ಮಗಳು ನನ್ನ ಮುಖ ನೋಡದಿದ್ದರೆ — ನೋಡದಿರಲಿ.